ಹಾಂಗ್‌ಝೌನಲ್ಲಿ ಹಬ್ಬದ ಹುಣ್ಣಿಮೆ

2023ರ ಸೆಪ್ಟೆಂಬರ್ 29ಕ್ಕೆ ಚೀನಾದವರ ಶರತ್ಕಾಲದ ಹುಣ್ಣಿಮೆ ಹಬ್ಬ. ಎರಡು ದಿನ ಬಿಟ್ಟು ರಾಷ್ಟ್ರೀಯ ದಿನ. ಎರಡೂ ಸೇರಿ ದೇಶಕ್ಕೆಲ್ಲ ಎಂಟು ದಿನ ರಜೆ. ಅದೇ ಹೊತ್ತಿಗೆ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ನೀರಜ್ ಚೋಪ್ರಾ ಜಾವೆಲಿನ್ ಎಸೆಯುವುದನ್ನು ಕಣ್ಣಾರೆ ನೋಡಬೇಕು ಅಂತ ನಾನೂ ಅಕ್ಕನೂ ಹೊರಟೆವು.

ಅಲ್ಲಿ ರೈಲಿನ ಟಿಕೆಟ್ ಮಾರಾಟ ಶುರುವಾಗುವುದೇ ಹದಿನೈದು ದಿನ ಮೊದಲು. ಮಾರಾಟ ತೆರೆದ ಕೂಡಲೇ ತೆಗೆದಿದ್ದರಿಂದ ಶಾಂಘೈನಿಂದ ಹಬ್ಬದ ಬೆಳಿಗ್ಗೆಯೇ ಸೀಟು ಸಿಕ್ಕಿತು. ಸುಮಾರು ಒಂದು ಗಂಟೆಯ ದಾರಿ. ಹೋಟೆಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ತಿಂಗಳ ಮೊದಲೇ ಬುಕಿಂಗ್ ತೆಗೆದುಕೊಂಡವರು ಪಾಸ್‌ಪೋರ್ಟ್ ನೋಡಿದ್ದೇ ತಡ, ವಿದೇಶಿಯರಿಗೆ ಕೊಠಡಿ ಇಲ್ಲ ಅಂದರು. ಹಬ್ಬದ ದಿನ ಬೇರೆ ಕಡೆ ದುಪ್ಪಟ್ಟು ಕೊಡಬೇಕಾಯಿತು. ಹೋಗುವವರು ದಯವಿಟ್ಟು ಮೊದಲೇ ಸಂದೇಶ ಕಳಿಸಿ, ಪಾಸ್‌ಪೋರ್ಟ್ ಇದ್ದವರನ್ನು ಇಳಿಸಿಕೊಳ್ಳುತ್ತೀರಾ ಅಂತ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಸಂಜೆ ವೆಸ್ಟ್ ಲೇಕ್‌ಗೆ ಹೋದೆವು. ದಡದ ತುಂಬಾ ಜನ. ಅಜ್ಜಿ, ಮೊಮ್ಮಕ್ಕಳು, ಮಡಿಲಲ್ಲಿ ಈ ಹಬ್ಬದ ಸಿಹಿಯಾದ ಮೂನ್‌ಕೇಕ್ ಡಬ್ಬಿ. ಬೆಂಚಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಸರಿದು ಜಾಗ ಕೊಟ್ಟರು. ಮಾತೆಲ್ಲ ಫೋನಿನ ಅನುವಾದದಲ್ಲೇ. ಪರ್ಸಿನಿಂದ ಒಂದು ಯುವಾನಿನ ನೋಟು ತೆಗೆದು ಹಿಂಬದಿ ತೋರಿಸಿದರು. ಇದೇ ಕೆರೆಯ ಮೂರು ಕಲ್ಲಿನ ಗೋಪುರಗಳ ಚಿತ್ರ. ಈ ಹಬ್ಬದ ರಾತ್ರಿ ಆ ಗೋಪುರಗಳೊಳಗೆ ದೀಪ ಇಡುವ ಪದ್ಧತಿ ಇದೆಯಂತೆ. ಮೂನ್‌ಕೇಕನ್ನೂ ಮುರಿದು ಕೊಟ್ಟರು. ಒಳಗೆ ಕಮಲದ ಬೀಜದ ಹೂರಣ. ನನಗೆ ಸಿಹಿ ಜಾಸ್ತಿಯಾಯಿತು, ನಮ್ಮ ಹೋಳಿಗೆಯ ಹದ ಅದಕ್ಕಿಲ್ಲ. ಅಕ್ಕ ಎರಡನೇ ತುಂಡನ್ನೂ ತಿಂದಳು.

‘ನಿಮ್ಮಲ್ಲಿ ಈ ಹುಣ್ಣಿಮೆಗೆ ಏನು ಮಾಡುತ್ತೀರಿ?’ ಅಂತ ಕೇಳಿದರು.

‘ನಾಳೆಯಿಂದ ಪಿತೃಪಕ್ಷ. ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ’ ಅಂತ ಅಕ್ಕ ಟೈಪ್ ಮಾಡಿದಳು.

ಅವರು ಅದನ್ನು ಎರಡು ಸಲ ಓದಿದರು. ‘ನಮ್ಮಲ್ಲಿ ಇವತ್ತು ಬದುಕಿರುವವರೆಲ್ಲ ಒಟ್ಟಿಗೆ ಊಟಕ್ಕೆ ಕೂರಬೇಕು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮಗ ಶೆನ್‌ಝೆನ್‌ನಲ್ಲಿದ್ದಾನೆ. ಟಿಕೆಟ್ ಸಿಗಲಿಲ್ಲ’ ಅಂದರು.

ಆಮೇಲೆ ನಮ್ಮ ತಾಯಿಯ ಬಗ್ಗೆ ಕೇಳಿದರು. ಹೋಗಿ ನಾಲ್ಕು ವರ್ಷವಾಯಿತು ಅಂದೆ. ಡಬ್ಬಿಯಲ್ಲಿ ಉಳಿದಿದ್ದ ಮೂನ್‌ಕೇಕ್ ತೆಗೆದು ಅಕ್ಕನ ಕೈಗಿಟ್ಟು, ‘ಅವರ ಎಡೆಗೆ ಇದನ್ನೂ ಇಡಿ’ ಅಂದರು. ಅಕ್ಕನ ಕಣ್ಣು ತುಂಬಿತು. ಮರುದಿನ ಹೋಟೆಲಿನ ಕಿಟಕಿಯ ಹತ್ತಿರ ಇಟ್ಟೆವು.

ಮುಂದಿನ ದಿನಗಳೆಲ್ಲ ಸ್ಟೇಡಿಯಂನಲ್ಲೇ ಕಳೆದವು. ಅಕ್ಟೋಬರ್ 4ರಂದು ನೀರಜ್‌ನ ಮೊದಲ ಎಸೆತವನ್ನು ಅಳೆಯಲೇ ಇಲ್ಲ, ಮತ್ತೆ ಎಸೆಸಿದರು. ನಮಗೆ ಹೊಟ್ಟೆ ಉರಿದುಹೋಯಿತು. ಆದರೂ 88.88 ಮೀಟರ್ ಎಸೆದು ಚಿನ್ನ ಗೆದ್ದ. ನಮ್ಮವನೇ ಆದ ಕಿಶೋರ್ ಜೇನಾ 87.54 ಮೀಟರ್‌ಗೆ ಬೆಳ್ಳಿ ಪಡೆದ. ಕೂಗಿ ಕೂಗಿ ಗಂಟಲು ಕಟ್ಟಿತು.

ರಜೆ ಮುಗಿದದ್ದು ಅಕ್ಟೋಬರ್ 6ಕ್ಕೆ. 7 ಮತ್ತು 8 ಶನಿವಾರ, ಭಾನುವಾರವಾದರೂ ಅಲ್ಲಿ ಕೆಲಸದ ದಿನ. ದೀರ್ಘ ರಜೆಗೆ ಬದಲಾಗಿ ವಾರಾಂತ್ಯದಲ್ಲಿ ದುಡಿಸುತ್ತಾರೆ. ಸರ್ಕಾರ ಈ ಪಟ್ಟಿಯನ್ನು ಮೊದಲೇ ಹೊರಡಿಸುತ್ತದೆ. ಅದನ್ನು ನೋಡಿಕೊಂಡು ಹಬ್ಬಕ್ಕೆ ನಾಲ್ಕು ದಿನ ಮುಂಚೆ ಹೋಗಿಬಿಡಿ, ರಜೆ ಮುಗಿದ ಮೇಲೆ ಹೊರಡಿ. ಹಬ್ಬದ ದಿನದ ಸೀಟು ಮನೆಗೆ ಹೋಗುವವರಿಗೆ ಇರಲಿ. ನಾವು ಏಳನೇ ತಾರೀಖು ಲೊಂಗ್‌ಜಿಂಗ್ ಚಹಾ ತೋಟಗಳ ಕಡೆ ಹೋದೆವು. ಬಸ್ಸಿನಲ್ಲಿ ಕೂರಲು ಜಾಗವಿತ್ತು.