ಮೂಳೆ ಸಿಗುವ ಮುಂಚೆ ಕೈ ನಿಲ್ಲಿಸುವುದು

ಕೆನಡಾದ ಆಲ್ಬರ್ಟಾದಲ್ಲಿ ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸುವುದು ನನ್ನ ಕೆಲಸ. ಊರಿಗೆ ಫೋನ್ ಮಾಡಿದರೆ "ಡೈನೋಸಾರ್ ತೊಳೀತೀಯಂತೆ" ಅಂತ ನಗುತ್ತಾರೆ. ಹೆಚ್ಚುಕಡಿಮೆ ಅದೇ. ನಮ್ಮ ಮೇಜಿಗೆ ಜಾಸ್ತಿ ಬರುವುದು ಹ್ಯಾಡ್ರೊಸಾರ್‌ಗಳು, ಅಂದರೆ ಬಾತುಕೋಳಿ ಮೂತಿಯ ಸಸ್ಯಾಹಾರಿಗಳು. ಈ ಸೀಮೆಯಲ್ಲಿ ಅವುಗಳ ಮೂಳೆಗೆ ಬರವಿಲ್ಲ.

ಬಯಲಿನಿಂದ ಮೂಳೆ ಬರುವುದು ಗೋಣಿಬಟ್ಟೆ, ಪ್ಲಾಸ್ಟರ್ ಸುತ್ತಿದ ಕಲ್ಲಿನ ಸಮೇತ. ಪ್ಲಾಸ್ಟರ್ ಕೊಯ್ದು, ಏರ್ ಸ್ಕ್ರೈಬ್ ಹಿಡಿದು ಕೂರುತ್ತೇವೆ. ಗಾಳಿಯ ಒತ್ತಡಕ್ಕೆ ಅದರ ಮೊನೆ ಟರ್ ಅಂತ ಕಲ್ಲನ್ನು ಕುಟ್ಟುತ್ತದೆ. ಮೂಳೆ ಹತ್ತಿರ ಬಂದಾಗ ಸೂಜಿ, ಬ್ರಷ್. ಕೈ ಪಳಗಿದ ಮೇಲೆ ಕೆಲಸ ಸರಾಗ. ಅಪಾಯ ಶುರುವಾಗುವುದೂ ಆಗಲೇ. ಕಣ್ಣು ಮೂಳೆಯನ್ನೇ ಹುಡುಕುತ್ತದೆ, ಉಳಿದದ್ದೆಲ್ಲ ಕಸ ಅನಿಸತೊಡಗುತ್ತದೆ.

ಹ್ಯಾಡ್ರೊಸಾರ್‌ಗಳಲ್ಲಿ ಚರ್ಮದ ಅಚ್ಚು ಆಗಾಗ ಸಿಗುತ್ತದೆ, ಬೇರೆ ಡೈನೋಸಾರ್‌ಗಳಿಗಿಂತ ಜಾಸ್ತಿ. ಅದು ಮೂಳೆಗಿಂತ ಹೊರಗೆ ಕಲ್ಲಿನಲ್ಲೇ ಇರುತ್ತದೆ, ಬಣ್ಣವೂ ಎಷ್ಟೋ ಸಲ ಕಲ್ಲಿನದೇ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ: ಹಲಸಿನ ಸಿಪ್ಪೆಯನ್ನು ತೀರಾ ಚಿಕ್ಕದು ಮಾಡಿದ ಹಾಗೆ, ಒತ್ತೊತ್ತಾಗಿ ಕೂತ ಸಣ್ಣ ಗುಬುಟುಗಳು.

ಎಡ್ಮಂಟೊಸಾರಸ್ ರೀಗಾಲಿಸ್ ಅನ್ನುವ ಹ್ಯಾಡ್ರೊಸಾರ್‌ಗೆ ಹೆಸರಿಟ್ಟದ್ದು 1917ರಲ್ಲಿ. ಬೋಳು ತಲೆಯ ಪ್ರಾಣಿ ಅಂತಲೇ ಎಲ್ಲರೂ ನಂಬಿದ್ದರು. 2013ರಲ್ಲಿ ಇಲ್ಲಿಯ ಗ್ರಾಂಡ್ ಪ್ರೇರಿ ಬಳಿ ಸಿಕ್ಕ ಒಂದು ತಲೆಯ ವಿವರ ಪ್ರಕಟವಾಯಿತು. ನೆತ್ತಿಯ ಮೇಲೆ ಹುಂಜಕ್ಕಿರುವಂಥ ಜುಟ್ಟು! ಬರೀ ಮಾಂಸದ್ದು, ಒಳಗೆ ಮೂಳೆಯೇ ಇಲ್ಲ. ತಲೆಬುರುಡೆ ಬೇಕು ಅಂತ ನೇರ ಕೊರೆದಿದ್ದರೆ ಅದು ಪುಡಿಯಾಗಿ ಬುಟ್ಟಿ ಸೇರುತ್ತಿತ್ತು. ಬೇರೆ ಎಷ್ಟು ಜುಟ್ಟುಗಳು ಹಾಗೆ ಹೋಗಿವೆಯೋ ಅಂತ ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

1908ರ ಕತೆ ಇನ್ನೂ ಚೆನ್ನಾಗಿದೆ. ಅಮೆರಿಕದ ವಯೋಮಿಂಗ್‌ನಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಚಾರ್ಲ್ಸ್ ಸ್ಟರ್ನ್‌ಬರ್ಗ್ ಮತ್ತು ಅವರ ಗಂಡುಮಕ್ಕಳು ಹೊರತೆಗೆದ ಎಡ್ಮಂಟೊಸಾರಸ್‌ನ ಮೈಯ ಬಹುಭಾಗ ಚರ್ಮದ ಅಚ್ಚು ಇತ್ತು. ಅದೀಗ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿದೆ. ಮುಂಗಾಲಿನ ಬೆರಳುಗಳನ್ನು ಸುತ್ತಿದ್ದ ಚರ್ಮ ನೋಡಿ ಆ ಮ್ಯೂಸಿಯಂನ ಪಳೆಯುಳಿಕೆ ತಜ್ಞ ಹೆನ್ರಿ ಆಸ್ಬಾರ್ನ್ ಇದನ್ನು ಈಜುವ ಪ್ರಾಣಿ ಅಂದರು. ಬಾತುಕೋಳಿ ಮೂತಿ, ಜಾಲಪಾದ, ಸರಿಹೋಯಿತಲ್ವಾ? ಆಮೇಲೆ ನೋಡಿದವರಿಗೆ ಅದು ನಡೆಯುವಾಗ ಭಾರ ತಾಳುವ ಮೆತ್ತೆ ಅನಿಸಿತು. ಆಸ್ಬಾರ್ನ್ ಮಾತನ್ನು ತಿದ್ದಲು ಸಾಧ್ಯವಾದದ್ದು ಆ ಚರ್ಮವನ್ನು ಯಾರೂ ಕೆರೆದು ಹಾಕಿರಲಿಲ್ಲ ಅನ್ನುವುದರಿಂದ.

ಹಾಗಾಗಿ ನಾನು ಕಲ್ಲನ್ನು ಪದರ ಪದರವಾಗಿ ಇಳಿಸುತ್ತೇನೆ. ಪ್ರತಿ ಪದರಕ್ಕೂ ಓರೆ ಬೆಳಕು, ಫೋಟೋ, ಯಾವ ಉಪಕರಣ ಬಳಸಿದೆ ಅನ್ನುವ ಒಂದು ಸಾಲು. ಅನುಮಾನ ಬಂದ ಜಾಗವನ್ನು ಸುಮ್ನೆ ಬಿಟ್ಟು ಸಂಶೋಧಕರನ್ನು ಕರೆಯುತ್ತೇನೆ. ಬಿರುಕಿಗೆ ಹಾಕುವ ಅಂಟು ಅಸಿಟೋನ್‌ನಲ್ಲಿ ಕರಗುವಂಥದ್ದೇ ಆಗಬೇಕು, ಮುಂದೆ ಯಾರಾದರೂ ಬಿಚ್ಚಿ ನೋಡಬೇಕಾಗಬಹುದು.

ಪ್ರದರ್ಶನ ವಿಭಾಗದವರಿಗೆ ಇದು ಹಿಡಿಸುವುದಿಲ್ಲ. ಅವರಿಗೆ ದವಡೆ ಬೇಗ ಬೇಕು. ಸಾಲು ಸಾಲಾಗಿ ಪೇರಿಸಿದ ನೂರಾರು ಹಲ್ಲುಗಳು, ಜನ ನಿಂತು ನೋಡುತ್ತಾರೆ, ಒಪ್ಪುತ್ತೇನೆ. ದವಡೆ ಕಡೆಯ ಕಲ್ಲನ್ನು ಮೊದಲು ಬಿಡಿಸಿಕೊಡುತ್ತೇನೆ. ಚರ್ಮದ ಅಚ್ಚು ಇರಬಹುದಾದ ಕುತ್ತಿಗೆ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ ಮಾತ್ರ ತಾರೀಖು ಕೊಡುವುದಿಲ್ಲ.