ಲಂಡನ್ ವಾರ್ಡಿನಲ್ಲೂ ನಮ್ಮವರ ಮತ

ವಿರಾಜಪೇಟೆ, ಗೋಣಿಕೊಪ್ಪದಿಂದ ಓದಿಗೋ ಕೆಲಸಕ್ಕೋ ಲಂಡನ್ ಸೇರಿದ ಮಕ್ಕಳಿಗೆ ಹೇಳಿಬಿಡಿ: 18 ತುಂಬಿ, ವೀಸಾ ಇದ್ದು ಅಲ್ಲೇ ವಾಸವಿದ್ದರೆ, ಭಾರತದ ಪ್ರಜೆಗಳೂ ಕಾಮನ್‌ವೆಲ್ತ್ ದೇಶದವರೆಂಬ ಲೆಕ್ಕದಲ್ಲಿ ಅಲ್ಲಿನ ಸ್ಥಳೀಯ ಆಡಳಿತವಾದ 'ಬರೋ' (borough) ಕೌನ್ಸಿಲ್‌ಗೆ ಮತ ಹಾಕಬಹುದು.

ಹೆಸರು ಸೇರಿಸಲು ಗಡುವು ಮತದಾನಕ್ಕೆ 12 ಕೆಲಸದ ದಿನ ಮೊದಲು. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ನಡುವೆ ಈಸ್ಟರ್ ಬಂದರೆ ಗಡುವು ಇನ್ನೂ ಮೊದಲೇ ಮುಗಿಯುತ್ತದೆ. ಎಡವುವುದು ಇಲ್ಲೇ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಗುರುತಿನ ಚೀಟಿಯಾಗಿ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸಾಕು. ಆಧಾರ್ ನಡೆಯದು.

ನಮ್ಮ ಗ್ರಾಮ ಪಂಚಾಯಿತಿಯಂತೆ ಅಲ್ಲೂ ಒಂದೇ ವಾರ್ಡಿಗೆ 3 ಸ್ಥಾನ ಇರಬಹುದು. ಪೆನ್ಸಿಲ್ಲಿನಲ್ಲಿ ಒಂದೇ ಕತ್ತರಿ ಗುರುತು ಹಾಕಿದರೂ ಸರಿ. 4 ಹಾಕಿದರೆ ಇಡೀ ಮತಪತ್ರ ತಿರಸ್ಕೃತ. ಅದರ ಮೇಲೆ ನಿಮ್ಮ ಹೆಸರು ಬರೆದರೂ ಅದೇ ಗತಿ.