ಸಿಂಧನೂರಿನ ಬಿಸಿಲಿಗೆ ಒಗ್ಗುವ ಡೆಕ್: ಇಲ್ಲಿವರೆಗೆ ಆಗಿದ್ದು

ಡೆಕ್, ಅಂದರೆ ಗಿಡ್ಡ ಕಂಬಗಳ ಮೇಲೆ ಹಲಗೆ ಹಾಸಿದ ಹೊರಜಗುಲಿ, ಮನೆಯ ಪೂರ್ವಕ್ಕೇ ಬರುತ್ತದೆ, ಇದು ಪಕ್ಕಾ ಆಯಿತು. ಪಶ್ಚಿಮಕ್ಕೆ ಜಾಗ ಜಾಸ್ತಿ ಇದೆ, ಗದ್ದೆ ಕಡೆ ನೋಟವೂ ಚೆಂದ. ಆದರೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಇಳಿಹೊತ್ತಿನ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ, ಮೇಲೆ ಏನು ಹೊದಿಸಿದರೂ ಅದು ನಿಲ್ಲುವುದಿಲ್ಲ. ಪೂರ್ವದಲ್ಲಾದರೆ ಮಧ್ಯಾಹ್ನ ದಾಟಿದ ಮೇಲೆ ಮನೆಯೇ ನೆರಳು. ಸಂಜೆ ಚಹಾ ಹೊತ್ತಿಗೆ ಬರಿಗಾಲಲ್ಲಿ ಹಲಗೆ ಮೇಲೆ ನಿಲ್ಲುವಂತಿರಬೇಕು, ನನಗೆ ಬೇಕಾಗಿರುವುದು ಅಷ್ಟೇ.

ಅವ್ವನಿಗೆ ಬೇಕಾಗಿರುವುದು ಬಿಸಿಲು. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಎಲ್ಲಿ ಒಣಗಿಸೋದು ಅಲ್ವಾ? "ಪೂರಾ ಮುಚ್ಚಬ್ಯಾಡಪಾ, ನನಗೊಂದೀಟು ಬಿಸಿಲು ಬಿಡು" ಅಂದಳು. ಹಾಗಾಗಿ ಗೋಡೆ ಕಡೆಯ ಭಾಗಕ್ಕೆ ಮಾತ್ರ ಚಪ್ಪರ, ಹೊರಗಿನ ಅಂಚು ಬಯಲು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ನೆಲದ ಬಗ್ಗೆ. ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ಕಾಂಕ್ರೀಟ್ ಸುರಿದು ಕಂಬ ನಿಲ್ಲಿಸಿದರೆ ಒಂದು ಮೇಲೇಳುತ್ತದೆ, ಇನ್ನೊಂದು ಕುಸಿಯುತ್ತದೆ. ಸಾಲದ್ದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಸುತ್ತಲಿನ ಗದ್ದೆಯಿಂದ ಮಣ್ಣು ತೇವ ಹಿಡಿಯುತ್ತದೆ, ಮಳೆ ಇಲ್ಲದಿದ್ದರೂ. ಒಂದು ಗುಂಡಿ ತೋಡಿಸಿ ನೋಡಿದೆವು, ಆರಡಿ ಹತ್ತಿರ ಗಟ್ಟಿ ಗರಸು ಸಿಕ್ಕಿತು. ಎಲ್ಲ ಕಂಬಗಳ ಬುಡವೂ ಅಲ್ಲಿಗೇ ಇಳಿಯಬೇಕು ಅಂತ ಮೇಸ್ತ್ರಿಗೆ ಹೇಳಿದ್ದೇನೆ, ಖರ್ಚು ಏರಿದರೂ ಇದರಲ್ಲಿ ರಾಜಿ ಇಲ್ಲ. ಡೆಕ್ಕನ್ನು ಮನೆಯ ಗೋಡೆಗೆ ಬಿಗಿಯುವುದೂ ಇಲ್ಲ. ಎರಡರ ಅಡಿಪಾಯ ಬೇರೆ, ಒಂದು ಅಲುಗಿದರೆ ಇನ್ನೊಂದನ್ನು ಎಳೆಯಬಾರದು. ಕಂಬದ ಬುಡದ ಪ್ಲೇಟಿಗೆ ಉದ್ದ ಬೋಲ್ಟ್ ಕೊಡುತ್ತೇವೆ, ಮುಂದೆ ಮಟ್ಟ ತಪ್ಪಿದರೆ ನಟ್ ತಿರುಗಿಸಿ ಸರಿ ಮಾಡಬಹುದು.

ಹಲಗೆಗೆ ಅಂಗಡಿಯವರು ಡಬ್ಲ್ಯೂಪಿಸಿ ತೋರಿಸಿದರು, ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ. ಗೆದ್ದಲು ಹಿಡಿಯಲ್ಲ, ಅದು ನಿಜ. ಆದರೆ ಅದರ ಕಪ್ಪು ತುಂಡು, ಶಹಾಬಾದ್ ಕಲ್ಲು, ಹಳೆ ತೇಗ ಮೂರನ್ನೂ ನಡುಮಧ್ಯಾಹ್ನ ಅಂಗಳದಲ್ಲಿಟ್ಟು ಕಾಲಿಟ್ಟು ನೋಡಿದೆ. ಕಾಲು ನಿಂತಿದ್ದು ತೇಗದ ಮೇಲೆ ಮಾತ್ರ. ಹಳೆ ಮನೆ ಬಿಚ್ಚಿದ ತೊಲೆಗಳನ್ನು ಸೀಳಿಸಿದರೆ ಬೇಕಾದಷ್ಟು ಹಲಗೆ ಆಗುತ್ತದೆ. ಕೆಳಗಿನ ಚೌಕಟ್ಟು ಕಬ್ಬಿಣದ್ದು, ಮರ ಎಲ್ಲೂ ಮಣ್ಣು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಹಲಗೆ ಸೆಪ್ಟೆಂಬರ್ ಮಳೆಗೆ ಹಿಗ್ಗುತ್ತದೆ, ಅದಕ್ಕೆ ನಡುವೆ 5 ರಿಂದ 6 ಮಿಲಿಮೀಟರ್ ಸಂದು. ಡೆಕ್ ಕೆಳಗೆ ಹಾವು ಚೇಳು ಸೇರದಂತೆ ಸುತ್ತ ಜಾಲರಿ, ಒಂದು ಕಡೆ ತೆಗೆಯಲು ಬರುವ ಹಾಗೆ.

ಚಪ್ಪರಕ್ಕೆ ತೆಂಗಿನ ಗರಿಯೋ ನೆರಳಿಗೆ ಕಟ್ಟುವ ಹಸಿರು ಬಲೆಯೋ ಇನ್ನೂ ತೀರ್ಮಾನ ಆಗಿಲ್ಲ. ನನ್ನ ಮನಸ್ಸು ಗರಿಯ ಕಡೆಗಿದೆ. ವೆಲ್ಡಿಂಗ್‌ನವರು ಬಂದು ಅಳತೆ ತಗೊಂಡು ಹೋಗಿದ್ದಾರೆ. ಗುಂಡಿಗಳೆಲ್ಲ ಮಳೆಗಾಲಕ್ಕೆ ಮುಂಚೆ ಮುಗಿಯಲೇಬೇಕು, ಎರೆ ಹಸಿಯಾಯಿತೆಂದರೆ ಗುದ್ದಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ.